ಮಂಜಿನ ಪೀರಿಯಡ್

ಬಾಳೂರು
೪ ಏಪ್ರಿಲ್ ೨೦೦೧, ಬುಧವಾರ

ಮುದ್ದಿನ ಅರ್ಪಿತಾ,

ಮೈಸೂರಿನ ಬಿಸಿಲಲ್ಲಿ ಬೇಯುತ್ತಿರುವ ನಿನಗೆ ಇಲ್ಲಿಯ ತಂಪನ್ನು ಲಕೋಟೆಯಲ್ಲಿ ತುಂಬಿ ಕಳಿಸುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ನಿನ್ನ ಕಾಗದ ಬಂದು ಸುಮಾರು ದಿನವಾಯಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಉತ್ತರಿಸಲು ಪುರುಸೊತ್ತೇ ಆಗಲಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ದನಿ ಫೋನಿನಲ್ಲಿ ಯಾಕೋ ಸಣ್ಣಗಾಗಿತ್ತು ಎಂದು ಬರೆದಿದ್ದೀಯ. ಅವರಿಗೆ ಏನೂ ಆಗಿಲ್ಲ, ಲೈನು ಸರಿ ಇರಲಿಲ್ಲವೇನೋ.

ನಿಮ್ಮ ಬಿ.ಎಡ್. ಕಾಲೇಜಿನಲ್ಲಿ ಮೌಲ್ಯಮಾಪನದ ಮೇಲೆ ಪ್ರಬಂಧ ಬರೆಯಲು ಹೇಳಿದ್ದಾರೆ, ನಾನು ಹೇಗೆ ಅಂಕ ಕೊಡುತ್ತೇನೆ ಎಂದು ಕೇಳಿದ್ದೀಯ. ಅಯ್ಯೋ ಮಾರಾಯ್ತಿ, ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ, ಈ ಮಾತನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ತಲೆ ಓಡಿಸಿ ತಪ್ಪು ಬರೆದ ಮಗುವಿಗೆ ಸ್ವಲ್ಪವಾದರೂ ಕೊಡುತ್ತೇನೆ. ಗೈಡು ನೋಡಿ ಉರು ಹೊಡೆದು ಬರೆದವರಿಗೆ ಕೈ ಬಿಗಿ ಮಾಡುತ್ತೇನೆ. ಕಪ್ಪೆಯ ಚಿತ್ರ ಕಪ್ಪೆಯ ಹಾಗಿರಬೇಕು, ಹಲಸಿನ ಬೀಜದ ಹಾಗಿದ್ದರೆ ಸೊನ್ನೆ. ನಿನ್ನ ಅಪ್ಪನ ದಾರಿಯೇ ಬೇರೆ. ಹೆಡ್‌ಮಾಸ್ತರು, ಸಾಲದ್ದಕ್ಕೆ ಗಣಿತದ ಮೇಷ್ಟ್ರು. ಪಾಸಾಗಲು ಅರ್ಧ ಅಂಕ ಕಡಿಮೆಯಿದ್ದರೆ ದೇವರೇ ಬಂದು ಕೇಳಿದರೂ ಕೊಡುವವರಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದರೆ ಅದಕ್ಕೂ ಅರ್ಧ ಅಂಕ ಕಳೆಯುತ್ತಾರೆ, ನಿನಗೆ ಗೊತ್ತಲ್ಲ.

ಆದರೆ ನಾನು ಹೇಳಬೇಕಾದದ್ದು ಮಂಜಿನ ಪೀರಿಯಡ್ ವಿಷಯ. ನಮ್ಮ ಒಂಬತ್ತನೇ ತರಗತಿಯ ಕೋಣೆ ಕಣಿವೆಯ ಕಡೆಗಿದೆ, ಕಿಟಕಿಗಳಿಗೆ ಬಾಗಿಲಿಲ್ಲ. ಚಳಿಗಾಲದಲ್ಲಿ ಮೊದಲ ಪೀರಿಯಡ್ಡಿಗೆ ಮಂಜು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬರುತ್ತದೆ. ಮೊದಲು ಬೋರ್ಡು ಹೋಗುತ್ತದೆ, ಆಮೇಲೆ ಮುಂದಿನ ಬೆಂಚು, ಕೊನೆಗೆ ಸೀಮೆಸುಣ್ಣ ಹಿಡಿದ ನನ್ನ ಕೈಯೂ ಹೋಗುತ್ತದೆ. ಅಂಥ ದಿನ ಬರೀ ಬಾಯಿಮಾತಿನ ಪಾಠ. ಹಾಜರಿ ಕೂಗುವುದಿಲ್ಲ. ಗೊತ್ತಿದ್ದವರು ಹೇಳಬಹುದು, ಗೊತ್ತಿಲ್ಲದವರು ಕೇಳಬಹುದು. ಮಾತಾಡಿದ್ದು ಯಾರು ಎಂದು ಒಳಗೆ ಕೇಳಕೂಡದು, ಹೊರಗೆ ಹೇಳಕೂಡದು, ನಾನೂ ಸೇರಿ. ಯಾರು ಹೇಳಿದರೆಂದು ಗೊತ್ತಿಲ್ಲದ ಮೇಲೆ ಅಂಕವೂ ಎಲ್ಲರಿಗೂ ಒಂದೇ. ವಿಜ್ಞಾನದ ನೂರರಲ್ಲಿ ಹತ್ತು ಈ ಮಂಜಿನ ಅಂಕ, ಇಡೀ ತರಗತಿಗೆ ಸಮನಾಗಿ.

ನೀನೊಮ್ಮೆ ಅಲ್ಲಿ ಕೂತು ಕೇಳಬೇಕು ಅರ್ಪಿ. ಬಿಸಿಲಿನ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಮಕ್ಕಳು ಮಂಜಿನಲ್ಲಿ ನಿದ್ದೆಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತವೆ. ಮೀನು ಯಾವಾಗ ಮಲಗುತ್ತದೆ ಎಂದು ಒಂದು ದನಿ ಕೇಳುತ್ತದೆ. ಅದಕ್ಕೆ ರೆಪ್ಪೆಯೇ ಇಲ್ಲವಲ್ಲ, ಮಲಗಿದರೂ ಯಾರಿಗೆ ಗೊತ್ತಾಗಬೇಕು ಎಂದು ಇನ್ನೊಂದು ಮೂಲೆಯಿಂದ ಉತ್ತರ ಬರುತ್ತದೆ. ನಾನು ನಡುವೆ ನಿಂತಿರುತ್ತೇನೆ. ನೆಲ ಇದೆಯೋ ಇಲ್ಲವೋ, ದೇವರಮನೆ ಗುಡ್ಡದ ಮೇಲಿನ ಮೋಡದೊಳಗೇ ಶಾಲೆ ತೇಲುತ್ತಿದೆಯೋ ಅನ್ನಿಸುತ್ತದೆ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಅಪ್ಪನಿಗೆ ಇದು ಮೊದಲಿನಿಂದಲೂ ಆಗದು. ಪ್ರಸಾದ ಹಂಚಿದ ಹಾಗೆ ಅಂಕ ಹಂಚುತ್ತೀಯ ಎಂದು ರೇಗುತ್ತಾರೆ. ಈ ವರ್ಷ ಆ ಹತ್ತನ್ನು ರದ್ದು ಮಾಡಿಯೇ ತೀರುತ್ತೇನೆಂದು ಹಟ ಹಿಡಿದರು. ಹೋಗಲಿ ಎಂದು ಬಿಡುತ್ತಿದ್ದೆನೋ ಏನೋ, ಆದರೆ ರೂಪಶ್ರೀ ಇದ್ದಳು.

ರೂಪಶ್ರೀ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತಮ್ಮಯ್ಯನವರ ಮಗಳು. ಎತ್ತರದ ಹುಡುಗಿ, ಹಾಗಾಗಿ ಹಿಂದಿನ ಬೆಂಚು. ಪರೀಕ್ಷೆಯಲ್ಲಿ ಎರಡು ಸಾಲು ಬರೆದು ಉಳಿದದ್ದನ್ನು ಖಾಲಿ ಬಿಡುತ್ತಿದ್ದಳು. ಅರ್ಧವಾರ್ಷಿಕದಲ್ಲಿ ಎಲ್ಲದರಲ್ಲೂ ಫೇಲು. ತಮ್ಮಯ್ಯನವರು ಬಂದು, ಒಂಬತ್ತರಲ್ಲಿ ಫೇಲಾದರೆ ಶಾಲೆ ಬಿಡಿಸಿ ಕಳಸದಲ್ಲಿ ತಂಗಿಯ ಮನೆಯಲ್ಲಿ ಬಿಡುತ್ತೇನೆ, ಓದು ಹತ್ತದವಳನ್ನು ಎಷ್ಟು ದಿನ ಎಳೆಯುವುದು ಮೇಡಂ ಎಂದರು. ಕೆಟ್ಟ ಮನುಷ್ಯರಲ್ಲ, ಸೋತಿದ್ದರು ಅಷ್ಟೆ. ಹುಡುಗಿ ಅವರ ಬೆನ್ನ ಹಿಂದೆ ನೆಲ ನೋಡುತ್ತ ನಿಂತಿತ್ತು. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ, ಒಂದು ದಿನ ಬಂದು ಕೂತು ನೋಡಿ, ಆಮೇಲೆ ಬೇಕಾದರೆ ರದ್ದು ಮಾಡಿ ಎಂದು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ವೀಳ್ಯ ಕೊಟ್ಟು ಕರೆದ ಹಾಗೆ ಮಂಜೂ ಬಂತು. ಅವತ್ತು ಕಣ್ಣಿನ ಪಾಠ. ಬಿಂಬ ಎಲ್ಲಿ ಬೀಳಬೇಕು, ಎಲ್ಲಿ ಬಿದ್ದರೆ ದೃಷ್ಟಿ ಮಸುಕಾಗುತ್ತದೆ ಎಂದು ಹೇಳುತ್ತಿದ್ದೆ. ಆಮೇಲೆ ಹಿಂದಿನಿಂದ ಗಂಡಸಿನ ದನಿಯೊಂದು ಬಹಳ ಮೆಲ್ಲಗೆ ಕೇಳಿತು, "ಮಂಜಿಲ್ಲದ ದಿನವೂ ಬೋರ್ಡು ಹೀಗೇ ಕಾಣ್ತಿದ್ರೆ ಏನು ಮಾಡೋದು?"

ಯಾರ ದನಿ ಎಂದು ಬರೆಯುವುದಿಲ್ಲ. ನೀನೂ ಕೇಳಬೇಡ, ನಿಯಮ ಅಂದರೆ ನಿಯಮ. ನಾನು ಉತ್ತರ ಹುಡುಕುವ ಮೊದಲೇ ಅದೇ ಕಡೆಯಿಂದ ಒಂದು ಹುಡುಗಿಯ ದನಿ ಬಂತು.

"ಎಲ್ರಿಗೂ ಯಾವಾಗ್ಲೂ ಹೀಗೇ ಅಲ್ವಾ ಕಾಣೋದು?"

ಯಾರೂ ನಗಲಿಲ್ಲ. ಈ ಮಸುಕಿನಿಂದಲೇ ಎಲ್ಲರೂ ಅಕ್ಷರ ಹೆಕ್ಕಿಕೊಳ್ಳುತ್ತಾರೆ, ತನಗೊಬ್ಬಳಿಗೇ ಅದು ಬರುವುದಿಲ್ಲ ಎಂದುಕೊಂಡು ಆ ಮಗು ಇಷ್ಟು ವರ್ಷ ಕೂತಿತ್ತು.

ಹೆಸರು ಹಿಡಿದು ಕರೆಯುವ ಹಾಗಿಲ್ಲವಲ್ಲ, ಮೂಡಿಗೆರೆಯಿಂದ ಕಣ್ಣಿನ ಡಾಕ್ಟರನ್ನು ಕರೆಸಿ ಇಡೀ ಶಾಲೆಗೇ ತೋರಿಸೋಣ, ಮೇಷ್ಟ್ರುಗಳೂ ತೋರಿಸಿಕೊಳ್ಳಲಿ ಎಂದೆ. ಡಾಕ್ಟರಿಗೆ ಬರೆದ ಕಾಗದಕ್ಕೆ ಅಪ್ಪ ಆಗಲೇ ಸಹಿ ಹಾಕಿದರು. ಡಾಕ್ಟರು ಬಂದ ದಿನ ಮಾತ್ರ ಏನೋ ಮೀಟಿಂಗ್ ಎಂದು ಬಿ.ಇ.ಒ. ಆಫೀಸಿಗೆ ಹೊರಟುಹೋದರು. ಒಂಬತ್ತನೇ ತರಗತಿಯಲ್ಲಿ ಡಾಕ್ಟರು ಬೇರೆ ಕೂರಿಸಿದ್ದು ರೂಪಶ್ರೀಯೊಬ್ಬಳನ್ನೇ. ದಪ್ಪ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಬೋರ್ಡು ಬಿಟ್ಟು ನನ್ನನ್ನೇ ನೋಡುತ್ತ ಕೂತಿದ್ದಳು. ಬೆಲ್ ಹೊಡೆದ ಮೇಲೆ ಹತ್ತಿರ ಬಂದು, ಮೇಡಂ, ನಿಮಗೆ ಇಷ್ಟೊಂದು ಬಿಳಿ ಕೂದಲಿದೆ ಅಂತ ಗೊತ್ತೇ ಇರಲಿಲ್ಲ ಎಂದಳು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಹುಡುಗಿ ಓದಿದ್ದೇ ಓದಿದ್ದು. ವಾರ್ಷಿಕ ಪರೀಕ್ಷೆಯಲ್ಲಿ ಬೇರೆಲ್ಲ ವಿಷಯ ಪಾಸು. ವಿಜ್ಞಾನವಂತೂ ಆ ಹತ್ತನ್ನು ಸೇರಿಸದೆಯೇ ಪಾಸು. ಇನ್ನು ಉಳಿದದ್ದು ಗಣಿತ ಒಂದೇ. ಆ ಉತ್ತರ ಪತ್ರಿಕೆಗಳ ಕಟ್ಟು ನಿನ್ನ ಅಪ್ಪನ ಹತ್ತಿರ ಇದೆ. ಮುಂದಿನ ವಾರ ಫಲಿತಾಂಶ ಹೇಳಬೇಕು. ಇವರು ದಿನಾ ಜಗಲಿಯಲ್ಲಿ ಬೆಳಕಿರುವ ಕಡೆ ಕೂತು ಕಟ್ಟು ಬಿಚ್ಚುತ್ತಾರೆ, ಒಂದೆರಡು ಹಾಳೆ ತಿರುವುತ್ತಾರೆ, ಮತ್ತೆ ಕಟ್ಟಿಡುತ್ತಾರೆ. ನಾನು ತಿದ್ದಿಕೊಡಲಾ ಎಂದರೆ ಮೈಮೇಲೆ ಬೀಳುತ್ತಾರೆ. ಯಾಕೆ ಎಂದು ನನಗೆ ಗೊತ್ತು, ಆದರೆ ಬಾಯಿ ಬಿಟ್ಟರೆ ಮಂಜಿನ ಮಾತನ್ನು ಹೊರಗೆ ತಂದ ಹಾಗೆ. ಮಕ್ಕಳಿಗೆ ಕೊಟ್ಟ ಮಾತನ್ನು ದೊಡ್ಡವರಿಗೆಂದು ಮುರಿಯಲೇ? ಮುರಿಯದಿದ್ದರೆ ಇವರು ಹಳೆಯ ರೂಪಶ್ರೀಯನ್ನೇ ನೆನಪಿಟ್ಟುಕೊಂಡು ಅಂದಾಜಿನಲ್ಲಿ ಏನಾದರೂ ಹಾಕಿಬಿಟ್ಟರೆ? ತಮ್ಮಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದರು, ನನಗೆ ಮುಖ ಕೊಟ್ಟು ಮಾತಾಡಲಾಗಲಿಲ್ಲ. ನಾನೇ ಮಾಡಿದ ನಿಯಮದ ಮೇಲೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ನಿನ್ನ ಪ್ರಬಂಧಕ್ಕೆ ಇದರಲ್ಲಿ ಏನು ಸಿಗುತ್ತದೋ ನಾ ಕಾಣೆ. ಅಪ್ಪ ಒಳಗೆ ಬಂದರು, ಕಾಫಿ ಕೇಳುತ್ತಿದ್ದಾರೆ. ಕಾಗದ ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ, ಅವರೂ ಎರಡು ಸಾಲು ಬರೆಯಲಿ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನದೇ ಯೋಚನೆಯಲ್ಲಿರುವ
ಅಮ್ಮ
(ಸುಶೀಲಾ)

ವಿ.ಸೂ.: ಮಗಾ, ಇದು ಅಪ್ಪ. ಸಾಲು ಓರೆಯಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಮೇಲೆ ನಿನ್ನ ಅಮ್ಮ ಏನು ಬರೆದಿದ್ದಾಳೋ ನನಗೆ ಓದಲಾಗಲಿಲ್ಲ. ರೂಪಶ್ರೀ ಎಂಬ ಹುಡುಗಿಯ ಗಣಿತದ ಉತ್ತರ ಪತ್ರಿಕೆಯೂ ಓದಲಾಗಲಿಲ್ಲ. ಇವತ್ತು ಅವಳನ್ನು ಕರೆದು, ಕಣ್ಣು ಕಾಣುತ್ತಿಲ್ಲವೆಂದು ಹೇಳಿ, ಅವಳ ಪತ್ರಿಕೆಯನ್ನು ಅವಳಿಂದಲೇ ಓದಿಸಿದೆ. ತಪ್ಪು ಮಾಡಿದ ಕಡೆ ತಪ್ಪನ್ನೇ ಓದಿದಳು. ತಿದ್ದಿ ಓದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಮೂವತ್ತೊಂಬತ್ತು ಬಂತು, ಪಾಸು. ತಮ್ಮಯ್ಯನವರಿಗೆ ನಾನೇ ಹೋಗಿ ಹೇಳಿ ಬಂದೆ. ಉಳಿದ ಕಟ್ಟನ್ನು ಅಮ್ಮನಿಗೆ ಕೊಡುತ್ತೇನೆ. ಅವಳಿಗೆ ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ, ಲಕೋಟೆ ಅಂಟಿಸುವ ಮುಂಚೆ ಇಲ್ಲೇ ಓದಿಕೊಳ್ಳಲಿ. ಮಂಗಳೂರಿಗೆ ಕಣ್ಣಿನ ಆಪರೇಷನ್ನಿಗೆ ಹೋಗಬೇಕು. ನೀನೂ ಬಾ. ನನಗೆ ಹೆದರಿಕೆಯಾಗುತ್ತಿದೆ.