ರತ್ನಾಬಾಯಿಯ ಕಣ್ಣು ಎರಡನೆಯ ಫ್ಲಾಪಿಯಲ್ಲಿದೆ

ಅಕ್ಕಲಕೋಟೆ, ೯ ಫೆಬ್ರುವರಿ ೧೯೯೭

ಬೀಡಿ ಕಾರ್ಮಿಕರ ಗುರುತಿನ ಚೀಟಿಗೆ ಸಹಿ ಹಾಕುವ ಸೊಲ್ಲಾಪುರದ ಸಾಹೇಬರಿಗೆ,

ಮಾನ್ಯರೇ, ಅಕ್ಕಲಕೋಟೆಯಲ್ಲಿ ಬೀಡಿ ಕಟ್ಟುವ ರತ್ನಾಬಾಯಿ ಎಂಬ ಹೆಂಗಸಿನ ಗದ್ದ, ಬಾಯಿ ಮತ್ತು ಅರ್ಧ ಮೂಗು ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿವೆ. ಅವಳ ಕಣ್ಣುಗಳನ್ನು ನಿಮ್ಮ ಕಚೇರಿ ಪುಣೆಗೆ ಕಳಿಸಿಬಿಟ್ಟಿದೆ. ಕಣ್ಣಿಲ್ಲದ ಫೋಟೊಗೆ ಚೀಟಿ ಕೊಡಲು ಬರುವುದಿಲ್ಲವೆಂದು ನೀವು ಬರೆದಿದ್ದೀರಿ. ಚೀಟಿ ಇಲ್ಲದವರಿಗೆ ಇದೇ ತಿಂಗಳ ಇಪ್ಪತ್ತೊಂದರಂದು ಸೊಲ್ಲಾಪುರದ ಶಿಬಿರದಲ್ಲಿ ಕಣ್ಣಿನ ಆಪರೇಷನ್ ಮಾಡುವುದಿಲ್ಲವೆಂದು ದವಾಖಾನೆಯವರು ಹೇಳುತ್ತಾರೆ. ಉಳಿದಿರುವುದು ಹನ್ನೆರಡು ದಿನ. ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಆದ್ದರಿಂದ ಈಗ ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕನ್ನಡ ಓದುವವರು ಯಾರಾದರೂ ಓದಿ ಹೇಳಲಿ.

ನಾನು ಕುರನೂರಿನವನು. ಅಕ್ಕಲಕೋಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಟೈಪಿಂಗ್ ಕ್ಲಾಸು ನಡೆಸುತ್ತೇನೆ, ಎರಡು ವರ್ಷದಿಂದ ಒಂದು ಕಂಪ್ಯೂಟರನ್ನೂ ಇಟ್ಟಿದ್ದೇನೆ. ಕಳೆದ ದೀಪಾವಳಿಯ ಹೊತ್ತಿಗೆ ನಿಮ್ಮ ಸುತ್ತೋಲೆ ಬಂತು: ಕಾರ್ಮಿಕರ ಯಾದಿಯನ್ನು ಫೋಟೊ ಸಮೇತ ಫ್ಲಾಪಿಯಲ್ಲಿ ಕೊಡತಕ್ಕದ್ದು, ಎಲ್ಲ ಮಾಹಿತಿ ಒಂದೇ ಫೈಲಿನಲ್ಲಿರತಕ್ಕದ್ದು. ನಾಲ್ಕುನೂರ ಹನ್ನೆರಡು ಹೆಂಗಸರು ನನ್ನ ಕ್ಲಾಸಿನ ಮೆಟ್ಟಿಲ ಮೇಲೆ ಸಾಲಾಗಿ ಕುಳಿತರು. ಕೆಲವರು ಬೀಡಿ ಕಟ್ಟುವ ಮೊರವನ್ನೂ ತಂದಿದ್ದರು, ಪಾಳಿ ಬರುವತನಕ ಎಲೆ ಸುತ್ತಿದರು. ಅವರ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ನೋಡಿದರೆ ಎಂಟು ಫ್ಲಾಪಿಗಾಗುವಷ್ಟು ಸರಕು. ಒಂದೇ ಫೈಲು ಬೇಕೆಂದರೆ ಎಂಟು ಫ್ಲಾಪಿಗೆ ಹಂಚುವುದು ಹೇಗೆ?

ಇದಕ್ಕೊಂದು ಪ್ರೋಗ್ರಾಮು ಇದೆ, ಮಾನ್ಯರೇ. ಊರಿಗೆ ಹೊರಟಾಗ ನಾಲ್ಕು ಚಾದರವನ್ನು ಮಡಚಿ, ಮೇಲೆ ಮೊಣಕಾಲೂರಿ ಗಾಳಿ ಬಿಡಿಸಿ, ಬಿಗಿಯಾಗಿ ಒಂದು ಗಂಟು ಕಟ್ಟುತ್ತೇವಲ್ಲ, ಹಾಗೆ ಅದು ನೂರಾರು ಫೈಲುಗಳನ್ನು ಒತ್ತಿ ಒಂದೇ ಫೈಲು ಮಾಡುತ್ತದೆ. ಬಿಚ್ಚಿದರೆ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಗಂಟು ಒಂದು ಫ್ಲಾಪಿಯಲ್ಲಿ ಹಿಡಿಯದಿದ್ದರೆ ಅದೇ ಅದನ್ನು ಸರಿಯಾಗಿ ತುಂಡು ಮಾಡಿ ಒಂದೊಂದು ಫ್ಲಾಪಿಗೆ ಒಂದೊಂದು ತುಂಡು ತುಂಬುತ್ತದೆ. ಬಿಚ್ಚುವಾಗ ಮೊದಲನೆಯದನ್ನು ಹಾಕಬೇಕು, ಅದು ಕೇಳಿದಂತೆ ಎರಡನೆಯದು, ಮೂರನೆಯದು. ನನ್ನ ಗಂಟು ಐದು ಫ್ಲಾಪಿಗೆ ಕೂತಿತು. ಅಂಕಿ ಹಾಕಿದೆ. ಐದೂ ಸೇರಿ ಒಂದು, ಬೇರೆ ಮಾಡಬಾರದು ಎಂದು ಪತ್ರದಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಕೇಡು ಬಂದದ್ದು ಆ ಐದರಿಂದ. ನಿಮ್ಮ ಕಚೇರಿಗೆ ಏನೇ ಕೊಟ್ಟರೂ ಐದು ಪ್ರತಿಯಲ್ಲಿ ಕೊಡಬೇಕು ಎಂಬುದು ನಿಮ್ಮ ಅಜ್ಜನ ಕಾಲದ ಪದ್ಧತಿ. ಒಂದು ನಿಮಗೆ, ಒಂದು ಪುಣೆಗೆ, ಒಂದು ದವಾಖಾನೆಗೆ, ಒಂದು ಇನ್‌ಸ್ಪೆಕ್ಟರರಿಗೆ, ಒಂದು ದಪ್ತರಕ್ಕೆ. ಡಿಸೆಂಬರ್ ಹದಿನಾರಕ್ಕೆ ನಾನು ಬರುವ-ಹೋಗುವ ಕಾಗದ ದಾಖಲಿಸುವ ಆವಕ-ಜಾವಕದ ಟೇಬಲ್ಲಿನ ಮುಂದೆ ನಿಂತೆ. ಅಲ್ಲಿನ ಕಾರಕೂನ ಭಾವುಸಾಹೇಬರು ಒಳ್ಳೆಯವರು. ಅಸಲು ಹೆಸರು ಬರೆಯುವುದಿಲ್ಲ, ಅವರಿಗೆ ಇನ್ನೂ ಎರಡು ವರ್ಷ ನೌಕರಿ ಇದೆ. ಫ್ಲಾಪಿಗಳನ್ನು ಎಣಿಸಿ ಮುಖ ಅರಳಿಸಿದರು.

"ಮಾಸ್ತರ್ರ, ಐದಕ್ಕ ಐದೂ ತಂದೀರಿ ನೋಡ್ರಿ. ಕಾಯದೆ ಗೊತ್ತಿದ್ದವರು ಹಿಂಗ ಬರತಾರ. ಹೋದ ವಾರ ಒಬ್ಬಾವ ಒಂದ ತಂದು ನನ್ನ ಜೋಡಿನ ಜಗಳಕ್ಕ ನಿಂತಿದ್ದ."

"ಭಾವುಸಾಹೇಬ, ಇವು ಐದೂ ಕೂಡಿ ಒಂದ ಅದಾವ್ರಿ."

"ಹೌದ್ರಿ ಮತ್ತ, ಐದೂ ಒಂದ ಇರಬೇಕಲ್ಲ. ಬ್ಯಾರೆ ಬ್ಯಾರೆ ಇದ್ರ ಸಾಹೇಬ್ರು ಬಿಡತಾರೇನು? ಚಾ ಕುಡದು ಹೋಗ್ರಿ."

ನಾನು ಚಹಾ ಕುಡಿದೆ, ಅವರು ಐದು ಫ್ಲಾಪಿಯನ್ನು ಐದು ಪ್ರತಿಯೆಂದು ಐದು ಕಡೆ ಕಳಿಸಿದರು. ತಪ್ಪು ಅಲ್ಲಿಯೇ ಆಯಿತು, ಅದರಲ್ಲಿ ನನ್ನ ಪಾಲೂ ಇದೆ. ನಾಲ್ಕು ಕಾರ್ಬನ್ ಇಟ್ಟು ಐದು ಪ್ರತಿ ಹೊಡೆಯುವುದನ್ನು ಇಪ್ಪತ್ತಾರು ವರ್ಷ ಕಲಿಸಿದವನಿಗೆ ಈ ಟೇಬಲ್ಲಿನ ಕೈ ಯಾವ ಕಡೆ ಓಡುತ್ತದೆಂದು ಹೊಳೆಯಬೇಕಿತ್ತು. ಬಿಚ್ಚಿದ ಮಗ್ಗವನ್ನು ಐದು ಗಾಡಿಯಲ್ಲಿ ಹೇರಿ ಕಳಿಸಿದರೆ, ಐದು ಮಗ್ಗ ಬಂದವೆಂದು ರಸೀದಿ ಹರಿದು ಐದು ಮನೆಗೆ ಹಂಚಿದ ಹಾಗಾಯಿತು. ಈಗ ಒಬ್ಬರ ಮನೆಯಲ್ಲಿ ಲಾಳಿ, ಇನ್ನೊಬ್ಬರ ಮನೆಯಲ್ಲಿ ಹಲಗೆ. ನೇಯ್ದ ಟವೆಲು ಎಲ್ಲಿ ಎಂದು ನೀವು ನನ್ನನ್ನು ಕೇಳುತ್ತೀರಿ.

ನಿಮ್ಮ ಆಪರೇಟರು ಮೊದಲನೆಯ ಫ್ಲಾಪಿ ಹಾಕಿದರು. ಎಂಬತ್ತಾರು ಹೆಂಗಸರು ಪೂರ್ತಿ ಹೊರಬಂದರು. ಎಂಬತ್ತೇಳನೆಯವಳು ರತ್ನಾಬಾಯಿ. ಫ್ಲಾಪಿ ಮುಗಿದದ್ದು ಅವಳ ಮುಖದ ನಡುವೆ. ಈ ಬಗೆಯ ಫೋಟೊವನ್ನು ಕಂಪ್ಯೂಟರು ಕೆಳಗಿನಿಂದ ಮೇಲಕ್ಕೆ ಬರೆಯುತ್ತದೆ, ಆದ್ದರಿಂದ ನಿಮಗೆ ಸಿಕ್ಕಿದ್ದು ಗದ್ದ, ಬಾಯಿ ಮತ್ತು ಅರ್ಧ ಮೂಗು, ಮೇಲೆಲ್ಲ ಕಪ್ಪು. ಆಗ ಕಂಪ್ಯೂಟರು ಎರಡನೆಯ ಫ್ಲಾಪಿ ಕೊಡಿ ಎಂದು ಕೇಳಿತು. ನಿಮ್ಮ ಕಚೇರಿಯಲ್ಲಿ ಆ ದಿನ ಸರಿಯಾದ ಪ್ರಶ್ನೆ ಕೇಳಿದ್ದು ಅದೊಂದೇ. ಎರಡನೆಯದೂ ಇದರದ್ದೇ ಪ್ರತಿಯಲ್ಲವೇ ಎಂದುಕೊಂಡು ಆಪರೇಟರು ಬೇಡ ಎಂಬ ಗುಂಡಿ ಒತ್ತಿದರು. ಇದನ್ನು ಅವರೇ ನನಗೆ ಹೇಳಿದ್ದು.

ಆಮೇಲೆ ನನಗೆ ನೋಟಿಸು ಬಂತು. ಯಾದಿಯಲ್ಲಿ ೪೧೨ ಹೆಸರು, ಫ್ಲಾಪಿಯಲ್ಲಿ ೮೬ ಫೋಟೊ. ಉಳಿದ ೩೨೬ ಹೆಸರು ಬನಾವಟಿ ಎಂದು ಏಕೆ ತಿಳಿಯಬಾರದು? ಮಾನ್ಯರೇ, ನನ್ನ ಮನೆ ಗೋಡೆಗೆ ತಾಗಿ ಮೂವತ್ತು ವರ್ಷದಿಂದ ಕುಳಿತು ಬೀಡಿ ಕಟ್ಟುವ ಹೆಂಗಸು ಬನಾವಟಿಯೇ? ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಡಗಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ. ಎಲೆಯನ್ನು ಬೆರಳಿನಿಂದ ಅಳೆಯುತ್ತಾಳೆ, ದಾರವನ್ನು ತುಟಿಯಿಂದ ಹುಡುಕುತ್ತಾಳೆ. ಇನ್ನೊಂದು ವರ್ಷ ಬಿಟ್ಟರೆ ಬಲಗಣ್ಣು ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ಮುಂದಿನ ಶಿಬಿರ ಇರುವುದು ಇನ್ನೊಂದು ವರ್ಷಕ್ಕೆ.

ನೋಟಿಸನ್ನು ಅವಳಿಗೆ ಓದಿ, ಅರ್ಧ ಫೋಟೊದ ಸಂಗತಿಯನ್ನೂ ಹೇಳಿದೆ. ಕೈಯಲ್ಲಿದ್ದ ಎಲೆಯನ್ನು ಮೊರದಲ್ಲಿಟ್ಟಳು.

"ಮಾಸ್ತರ, ನಂದು ಬಾಯಿ ಅಷ್ಟ ಬಂದೈತೇನು?"

"ಹೌದವ್ವ."

"ಬಾಯಿ ಬಂದಿದ್ರ ಛಲೋ ಆತಲ್ಲ. ಕೇಳಬೇಕಿತ್ತು ಅವರು. ನಾ ಹೇಳತಿದ್ನಿ, ಕಣ್ಣು ಅದಾವ ಅಂತ." ಮತ್ತೆ ಎಲೆ ಕೈಗೆ ತೆಗೆದುಕೊಂಡಳು. "ಇಪ್ಪತ್ತೊಂದು ಅಂದ್ರ ಯಾವ ವಾರ?"

ಶುಕ್ರವಾರ ಎಂದೆ. ಅಂದಿನಿಂದ ದಿನಾ ಮುಂಜಾನೆ ಗೋಡೆಯ ಆಚೆಯಿಂದ ಅವಳು ನನಗೆ ಇವತ್ತು ಯಾವ ವಾರ ಎಂದು ಕೇಳುತ್ತಾಳೆ.

ಇದೇ ಗಂಟಿನ ಇನ್ನೊಂದು ಸೆಟ್ಟು ನನ್ನ ಹತ್ತಿರ ಬಿಸ್ಕಿಟ್ ಡಬ್ಬಿಯಲ್ಲಿದೆ. ಕಟ್ಟಿದ ಗಂಟಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಬೇಕೆಂಬ ಬುದ್ಧಿಯಾದರೂ ನನಗಿತ್ತು. ಜನವರಿಯಲ್ಲಿ ಅದನ್ನು ಹಿಡಿದು ನಿಮ್ಮಲ್ಲಿಗೆ ಬಂದೆ. ಭಾವುಸಾಹೇಬರು ಈ ಸಲ ನನ್ನ ಮುಖ ನೋಡಲಿಲ್ಲ. "ಚೌಕಶಿ ನಡದೈತ್ರಿ ಮಾಸ್ತರ. ಹೊಸಾದು ತಗೊಂಡ್ರ ಹಳೇದು ಖೊಟ್ಟಿ ಇತ್ತಂತ ನಾವ ಬರದು ಕೊಟ್ಟಂಗ ಆಗತೈತಿ" ಎಂದರು. ಅಂದರೆ, ಸುಳ್ಳು ಎಂದು ಸಂಶಯವಿರುವ ತನಕ ನಿಜವನ್ನು ಒಳಗೆ ಬಿಡುವಂತಿಲ್ಲ. ಇಂಥ ಕಾಯದೆ ಯಾವ ಪುಸ್ತಕದಲ್ಲಿದೆ? ನೀವೇ ಹಂಚಿದ ಉಳಿದ ನಾಲ್ಕು ಫ್ಲಾಪಿಗಳನ್ನಾದರೂ ತರಿಸಿದಿರಾ? ಪುಣೆಯವರು ಎರಡನೆಯದನ್ನು ತೆರೆಯಲು ನೋಡಿ, ತೆರೆಯದೆ, ಕೆಟ್ಟಿದೆ ಎಂದು ಷರಾ ಬರೆದರಂತೆ. ಕೆಟ್ಟಿಲ್ಲ ಸಾಹೇಬರೇ. ಅದು ಮೊದಲನೆಯದನ್ನು ಕಾಯುತ್ತಿದೆ.

ನಾನು ಕೇಳುವುದು ಇಷ್ಟೇ. ಇಪ್ಪತ್ತೊಂದರ ಒಳಗೆ ಆ ಐದು ಫ್ಲಾಪಿಗಳನ್ನು ಒಂದು ಕೋಣೆಯಲ್ಲಿ, ಒಂದು ಕಂಪ್ಯೂಟರಿನ ಮುಂದೆ, ಹದಿನೈದು ನಿಮಿಷ ಕೂಡಿಸಿ. ಅಷ್ಟು ಆಗದಿದ್ದರೆ ನನ್ನ ಡಬ್ಬಿಯನ್ನು ತೆರೆಯಿರಿ, ಬೇಕಾದರೆ ಪೊಲೀಸರೆದುರು ತೆರೆಯಿರಿ. ನೋಟಿಸಿನ ಚೌಕಶಿ ನನ್ನ ಮೇಲೆ ಎಷ್ಟು ವರ್ಷ ಬೇಕಾದರೂ ನಡೆಯಲಿ, ಚೀಟಿಗೆ ಮಾತ್ರ ಸಹಿ ಆಗಲಿ.

ಹದಿನೇಳು ಸೋಮವಾರ, ಮುಂಜಾನೆಯ ಎಸ್‌ಟಿ ಬಸ್ಸಿಗೆ ರತ್ನಾಬಾಯಿಯನ್ನು ಕರೆದುಕೊಂಡು ಬರುತ್ತೇನೆ. ಹತ್ತೂವರೆಗೆ ನಿಮ್ಮ ಟೇಬಲ್ಲಿನ ಮುಂದೆ ಪೂರಾ ಮುಖ ಹೊತ್ತು ನಿಲ್ಲುತ್ತಾಳೆ. ಇರುವುದು ಒಬ್ಬಳೇ, ಐದು ಪ್ರತಿ ತರಲಾರೆ. ಒಂದು ಮಾತು ಮೊದಲೇ ತಿಳಿಸಿರುತ್ತೇನೆ: ಆಕೆಗೆ ನಿಮ್ಮ ಮುಖ ಕಾಣುವುದಿಲ್ಲ. ನೀವೇ ಮಾತಾಡಬೇಕು, ಆಗ ಮಾತ್ರ ಕುರ್ಚಿಯಲ್ಲಿ ಯಾರೋ ಇದ್ದಾರೆಂದು ಆಕೆಗೆ ತಿಳಿಯುತ್ತದೆ.

ಇಂತಿ,
ಮುನ್ನೂರ ಇಪ್ಪತ್ತಾರು ಹೆಂಗಸರನ್ನು ಸುಳ್ಳೇ ಹುಟ್ಟಿಸಿದ ಆರೋಪಿ,
ಆ ದಿನ ಚಹಾ ಕುಡಿಯದೆ ಇನ್ನೊಮ್ಮೆ ಬಿಡಿಸಿ ಹೇಳಬೇಕಿದ್ದ
ಸಾತಲಿಂಗಪ್ಪ, ಟೈಪಿಂಗ್ ಮಾಸ್ತರ