ಸವೆದ ಚಪ್ಪಲಿಯ ಅಚ್ಚು

೯ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನೀನು ಬರೆಸಿದ ಮೂರು ಪತ್ರಗಳಿಗೆ ಇದೊಂದೇ ಉತ್ತರ. ಬೈ, ಓದಿ ಹೇಳುವ ಮೊಮ್ಮಗಳ ಮುಂದೆ ಮಾತ್ರ ಸ್ವಲ್ಪ ಮೆತ್ತಗೆ ಬೈ. ಮಂಡಿನೋವು ಇಳಿಯಿತೇ? ನನಗೆ ಕೋಪವೊಂದನ್ನು ಬಿಟ್ಟರೆ ಬೇರೆ ಕಾಯಿಲೆ ಇಲ್ಲ.

ಸಿಗ್ನಲ್ ಬಳಿ ‘ಮಕ್ಕಳಿಗೆ ಭಿಕ್ಷೆ ನೀಡಬೇಡಿ’ ಎಂದು ಫಲಕ ನೆಟ್ಟಿದ್ದಾರೆ. ಮತ್ತೇನು ನೀಡಬೇಕೆಂದು ಬರೆದಿಲ್ಲ. ಮೂವತ್ತು ವರ್ಷದ ಹಿಂದೆಯೂ ಇದೇ ಜಾಗ, ಇದೇ ಫಲಕ. ಆಗ ಅಕ್ಷರ ನೀಲಿ, ಈಗ ಕೆಂಪು. ಪತ್ರಿಕೆಗಳಿಗೆ ಬರೆದು ಬರೆದು ಸಾಕಾಗಿ, ಈ ಸಲ ಕೈಯನ್ನೇ ಮಸಿ ಮಾಡಿಕೊಂಡೆ. ಚಪ್ಪಲಿ ಹೊಲಿಯುವ ಅಜ್ಜ ಸವೆದ ರಬ್ಬರ್ ಅಟ್ಟೆಗಳನ್ನು ಕೊಟ್ಟ. ನಾನು ಕರಡು ತಿದ್ದುತ್ತಿದ್ದ ಮುದ್ರಣಾಲಯದಿಂದ ಕಾಡಿ ಬೇಡಿ ಮಸಿ ತಂದೆ. ಸಿಗ್ನಲ್ಲಿನ ಮಕ್ಕಳು ಅಟ್ಟೆಯಲ್ಲಿ ಚಿತ್ರ ಕೆತ್ತಿ, ಮಸಿ ಹಚ್ಚಿ, ಕಾರ್ಡುಗಳ ಮೇಲೆ ಒತ್ತುತ್ತಾರೆ. ಎಲ್ಲರಿಗಿಂತ ಚುರುಕು ಗುಬ್ಬಿ, ಹತ್ತು ವರ್ಷದವಳು. ಕಾರಿನಡಿ ನೆರಳು ಹುಡುಕಿ ಮಲಗಿದ ನಾಯಿಯನ್ನು ಕೆತ್ತಿದ್ದಾಳೆ, ಬಾಲವೊಂದೇ ಬಿಸಿಲಿನಲ್ಲಿ.

ಅವಳನ್ನು ಸಾಕುವ ಅತ್ತೆ ಒಂದು ವಾರದ ಗಡುವು ಕೊಟ್ಟಿದ್ದಳು: ಮಾರಾಟವಾದರೆ ಸರಿ, ಇಲ್ಲದಿದ್ದರೆ ಹುಡುಗಿ ಮತ್ತೆ ಸಿಗ್ನಲ್ಲಿಗೆ. ಮೊದಲ ದಿನ ಮಕ್ಕಳು ಅಲ್ಲಿಗೇ ಹೋಗಿ, ಅದೇ ರಾಗ ಎಳೆದು ಕಾರ್ಡ್ ಚಾಚಿದರಂತೆ. ಜನ ಚಿಲ್ಲರೆ ಹಾಕಿ ಗಾಜು ಏರಿಸಿದರು. ಒಂದು ಕಾರ್ಡೂ ಖರ್ಚಾಗಲಿಲ್ಲ. ಅತ್ತೆಗೆ ಖುಷಿ: ದುಡ್ಡೂ ಬಂತು, ಸಾಮಾನೂ ಉಳಿಯಿತು, ಇದಕ್ಕಿಂತ ಒಳ್ಳೆಯ ವ್ಯಾಪಾರ ಬೇಕೇ ಎಂದಳು. ನನಗೆ ನಗು ಬಂತು. ಆಮೇಲೆ ಊಟ ಸೇರಲಿಲ್ಲ.

ಅಜ್ಜ ಹೇಳಿದ, “ಚಾಚಿದ ಕೈಗೆ ಜನ ಚಿಲ್ಲರೆ ಹಾಕ್ತಾರೆ. ಕೆಲಸ ಮಾಡೋ ಕೈನ ನಿಂತು ನೋಡ್ತಾರೆ.”

ನಿನ್ನೆ, ಗಡುವಿನ ಕೊನೆಯ ದಿನ, ಅಂಚೆ ಕಚೇರಿಯ ಮೆಟ್ಟಿಲ ಬಳಿ ಅವನ ಪಕ್ಕದಲ್ಲೇ ಕಾರ್ಡ್ ಒತ್ತಲು ಮುಂದೊಂದು ಮಣೆ ಇಟ್ಟು ಮಕ್ಕಳನ್ನು ಕೂರಿಸಿದೆವು. ನಿಜವಾಗಿಯೂ ಜನ ನಿಂತರು. ಆದರೆ ಕರಿಕೋಟಿನ ವಕೀಲರೊಬ್ಬರು ನೋಟು ಹಾಕಿ, ಏನೂ ತೆಗೆದುಕೊಳ್ಳದೆ ಹೊರಟರು. ಗುಬ್ಬಿ ಮಸಿಗೈಯಲ್ಲೇ ಓಡಿ ಅಡ್ಡ ನಿಂತಳು.

“ಕಾರ್ಡ್ ತಗೊಳ್ಳಿ ಸಾರ್. ಬೇಡ ಅಂದ್ರೆ ನಿಮ್ಮ ದುಡ್ಡು ನೀವೇ ಇಟ್ಕೊಳ್ಳಿ.”

ಅವರು ಕಾರ್ಡ್ ನೋಡಿದರು. ಬಾಲ ನೋಡಿ ನಕ್ಕರು. ಇನ್ನೆರಡು ಕೊಂಡರು. ಸಂಜೆಯ ಹೊತ್ತಿಗೆ ಮಣೆಯ ಮೇಲಿನ ಕಾರ್ಡೆಲ್ಲ ಖಾಲಿ. ದೂರದಲ್ಲಿ ನಿಂತು ನೋಡುತ್ತಿದ್ದ ಅತ್ತೆ ಬಂದು ಮಣೆ ಒರೆಸಿ, “ನಾಳಿದ್ದಿಂದ ಕಾಗದ ನಾನೇ ಕತ್ತರಿಸ್ತೀನಿ. ನಿಮ್ಮ ಗೆರೆ ಸೊಟ್ಟ,” ಎಂದು ನನಗೇ ಅಂದಳು.

ಜೊತೆಗಿರುವ ಕಾರ್ಡ್ ನಿನಗೆ. ನಮ್ಮಕ್ಕನಿಗೆ ಓದು ಬರುವುದಿಲ್ಲ ಎಂದೆ. “ನಾಯಿ ನೋಡೋಕೂ ಓದು ಬೇಕಾ?” ಎಂದಳು ಗುಬ್ಬಿ.

ಮೊಮ್ಮಗಳಿಗೆ ಆಶೀರ್ವಾದ, ಅವಳ ಓದು ಎಲ್ಲೂ ನಿಲ್ಲದಿರಲಿ. ನಿನ್ನ ಕಾಲಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ

ಮತ್ತೊಂದು ಮಾತು. ಮರೆತದ್ದಲ್ಲ, ಐವತ್ತೆಂಟು ವರ್ಷ ಬರೆಯದೆ ಉಳಿಸಿಕೊಂಡದ್ದು. ಅಪ್ಪ ತೀರಿಕೊಂಡ ವರ್ಷ ಚಿತ್ರಮಂದಿರದೆದುರು ಕೈಚಾಚಿದವಳು ನೀನು. ಕಂಬದ ಹಿಂದೆ ಅವಿತಿದ್ದವನು ನಾನು. ಅದರಿಂದ ನನಗೆ ಪುಸ್ತಕ ಬಂತು, ನಿನಗೆ ಬರಲಿಲ್ಲ. ನಿನ್ನ ಮದುವೆಯಲ್ಲೇ ನಾನು, ನಮ್ಮ ಮನೆಯವರು ಯಾರ ಮುಂದೆಯೂ ಕೈಚಾಚಿದವರಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮಗೂ, ಈ ಸಾಲುಗಳನ್ನು ನುಂಗಬೇಡ. ಅಜ್ಜಿಗೆ ಗಟ್ಟಿಯಾಗಿ ಓದು.