ಹಲ್ಲು ತೋರಿಸದ ಅಪ್ಪನಿಗೆ

ಪ್ರೀತಿಯ ಅಪ್ಪ,

ಇದನ್ನು ನಾಳೆ ಬೆಳಿಗ್ಗೆ ಹತ್ತೂವರೆಗೆ ನಿನ್ನ ಕಿವಿಯ ಹತ್ತಿರ ಬಗ್ಗಿ ಓದುತ್ತೇನೆ. ಒಳಗೆ ಬಿಡುವುದು ಹತ್ತೇ ನಿಮಿಷ. ಕಳೆದ ನಾಲ್ಕು ದಿನವೂ ಆ ಹತ್ತು ನಿಮಿಷವನ್ನು ಅತ್ತು ಹಾಳು ಮಾಡಿದ್ದೇನೆ. ಅದಕ್ಕೇ ಈ ಸಲ ಬರೆದುಕೊಂಡು ಬರುತ್ತಿದ್ದೇನೆ. ದಯವಿಟ್ಟು ಪೂರ್ತಿ ಕೇಳು. ಹನ್ನೊಂದಕ್ಕೆ ಡಾಕ್ಟರು ಬರುತ್ತಾರೆ. ನಿನಗೆ ಪ್ರಜ್ಞೆ ಇದೆಯೇ ಎಂದು ಕೊನೆಯ ಸಲ ನೋಡುತ್ತಾರೆ. ಇಲ್ಲವೆಂದಾದರೆ ಉಸಿರಿನ ಕೊಳವೆ ತೆಗೆಯುತ್ತಾರೆ. ಅಮ್ಮ ಒಪ್ಪಿ ಸಹಿ ಹಾಕಿಯಾಗಿದೆ. "ಸಾಕು ಮಗಳೇ, ಅವರನ್ನ ಇನ್ನೂ ಹಿಂಸೆ ಮಾಡೋದು ಬೇಡ" ಅಂದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಮೆದುಳಿನ ಬುಡದಲ್ಲಿ ರಕ್ತನಾಳ ಕಟ್ಟಿ ನೀನು ಬಿದ್ದ ದಿನದಿಂದ ಅವಳ ಗಂಟಲಲ್ಲಿ ಸರಿಯಾಗಿ ಅನ್ನ ಇಳಿದಿಲ್ಲ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಕೂತು ತಲೆಬುರುಡೆಗಳ ಅಚ್ಚಿನ ಮೇಲೆ ಜೇಡಿಮಣ್ಣಿನ ಸ್ನಾಯು ಕೂರಿಸುವುದು. ಗೊರಿಲ್ಲಾ, ಚಿಂಪಾಂಜಿ, ಕೋತಿ, ಮನುಷ್ಯ, ಎಲ್ಲರೂ ಒಂದೇ ಮೇಜಿನ ಮೇಲೆ. ಗಂಡು ಗೊರಿಲ್ಲಾದ ನೆತ್ತಿಯಲ್ಲಿ ಎಲುಬು ಏಣಿನಂತೆ ಎದ್ದಿರುತ್ತದೆ, ದವಡೆಯ ಸ್ನಾಯು ಅಲ್ಲಿಯವರೆಗೂ ಹತ್ತಿ ಹಿಡಿದುಕೊಂಡಿರುತ್ತದೆ. ನಮಗೆ ಆ ಸ್ನಾಯು ಕಿವಿಯ ಮೇಲಷ್ಟೇ ಉಳಿದಿದೆ. ದವಡೆ ಚಿಕ್ಕದಾಯಿತು, ಹುಬ್ಬಿನ ದಿಣ್ಣೆ ಸವೆಯಿತು, ಹಣೆ ನೆಟ್ಟಗೆ ನಿಂತಿತು, ಹುಬ್ಬಿಗೆ ಆಡುವುದಕ್ಕೆ ಜಾಗ ಸಿಕ್ಕಿತು. ಜಗಿಯುವ ಸ್ನಾಯು ಎಲುಬಿನ ಮೇಲೆ ಗುರುತು ಬಿಟ್ಟು ಹೋಗುತ್ತದೆ. ನಗುವ ಸ್ನಾಯು ಚರ್ಮಕ್ಕೆ ಹೋಗಿ ಸೇರುವುದರಿಂದ ಅದರ ಗುರುತು ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಯಾವ ಬುರುಡೆ ಕೊಟ್ಟರೂ ಅದು ಏನು ತಿಂದಿರಬಹುದೆಂದು ಊಹಿಸಿಯೇನು, ಯಾರನ್ನು ಕಂಡು ನಕ್ಕಿತ್ತೆಂದು ಹೇಳಲಾರೆ. ಇಂಥ ಕೆಲಸ ಮಾಡಿ ಸಂಬಳ ಎಣಿಸುವ ನನಗೆ ಈಗ ನಿನ್ನ ಮುಖ ಓದಲು ಬರುತ್ತಿಲ್ಲ, ಅಪ್ಪ.

ನಿನ್ನ ಮುಖ ನನಗೆ ಯಾವಾಗ ತಾನೇ ಓದಲು ಬಂದಿತ್ತು? ಪ್ರಾಣಿಸಂಗ್ರಹಾಲಯದ ಕೋತಿಮನೆಯಲ್ಲಿ ಮೂವತ್ತೊಂದು ವರ್ಷ ದುಡಿದು ಬಂದ ಮುಖ ಅದು. ನಮ್ಮ ಬೀದಿಯವರೆಲ್ಲ ನಿನಗೆ ಗಂಟುಮೋರೆ ಎಂದು ಹೆಸರಿಟ್ಟಿದ್ದರು. ನಾನು ಮೊದಲ ಬಹುಮಾನ ತಂದಾಗಲೂ ನೀನು ತುಟಿ ಬಿಗಿದುಕೊಂಡೇ ಇದ್ದೆ, ಕಣ್ಣು ನೆಲದ ಮೇಲೆ. "ಒಂದು ನಗು ನಕ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ನಾನು ಜಗಳ ತೆಗೆಯುತ್ತಿದ್ದೆ. ನಗುವಿನ ಬದಲು ನಿನ್ನದೊಂದು ವಿಚಿತ್ರ ಚಾಳಿಯಿತ್ತು. ನಾನು ಬಾಗಿಲಿಗೆ ಬಂದರೆ ಸಾಕು, ಮಾತಿಲ್ಲದೆ ತುಟಿಗಳನ್ನು ಪಟಪಟನೆ ಬಡಿಯುತ್ತಿದ್ದೆ. ಕೆಲಸ ಸಿಕ್ಕ ದಿನ ಗೆಳತಿಯರನ್ನು ಮನೆಗೆ ಕರೆತಂದಾಗ ಅವರೆದುರಿಗೂ ಹಾಗೇ ಮಾಡಿದೆ. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿದುಹೋಯಿತು. "ಛೀ ಅಪ್ಪ, ಬಾಯಿ ಮುಚ್ಚು. ಮಂಗನ ಹಾಗೆ ಆಡ್ಬೇಡ" ಅಂದೆ. ಅವತ್ತು ಮುಚ್ಚಿದ ಬಾಯಿಯನ್ನು ನನ್ನೆದುರು ನೀನು ಮತ್ತೆ ಹಾಗೆ ಆಡಿಸಲಿಲ್ಲ. ಹದಿನಾಲ್ಕು ವರ್ಷವಾಯಿತು.

ಹೋದ ತಿಂಗಳು ಕೋತಿಯ ತುಟಿಯ ಸ್ನಾಯು ಕೂರಿಸುವಾಗ ಒಂದು ಅನುಮಾನ ಬಂತು. ಕೋತಿಮನೆಗೆ ಫೋನ್ ಮಾಡಿ, ಕೋತಿಗಳು ತುಟಿ ಬಡಿಯುವುದೇಕೆಂದು ನಿನ್ನ ಜಾಗಕ್ಕೆ ಬಂದವನನ್ನು ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಅಕ್ಕಾ, ಇದನ್ನೆಲ್ಲ ನಮಗೆ ಹೇಳ್ಕೊಟ್ಟಿದ್ದೇ ನಿಮ್ಮಪ್ಪ. ಒಳಗೆ ಹೋದ್ರೆ ಹಲ್ಲು ಕಾಣಿಸ್ಬಾರ್ದು. ಕೋತಿಗೆ ಹಲ್ಲು ಅಂದ್ರೆ ಹೆದರಿಕೆ, ಜಗಳ. ಮುಖ ದಿಟ್ಟಿಸಿ ನೋಡ್ಬಾರ್ದು, ಕಣ್ಣು ಕೆಳಗೆ ಹಾಕ್ಬೇಕು, ಅದೇ ಮರ್ಯಾದೆ. ಪ್ರೀತಿ ತೋರಿಸ್ಬೇಕಾದ್ರೆ ತುಟಿ ಪಟಪಟ ಅನ್ನಿಸ್ಬೇಕು." ಫೋನ್ ಇಟ್ಟ ಮೇಲೆ ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತೆ. ಭಾನುವಾರ ಬಂದು ಕಾಲಿಗೆ ಬೀಳೋಣ ಅಂದುಕೊಂಡೆ. ಆ ಭಾನುವಾರ ಏನೋ ಕೆಲಸ ಬಂತು, ಮುಂದಿನ ಭಾನುವಾರವೂ ಬಂತು. ಅಷ್ಟರಲ್ಲಿ ನೀನು ಬಿದ್ದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಡಾಕ್ಟರು ಒಳ್ಳೆಯವರು, ನಗುಮೊಗದವರು. ನಿನ್ನೆ ನಿನ್ನ ಮುಖದ ಹತ್ತಿರ ಬಗ್ಗಿ, ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕು, "ಯಜಮಾನ್ರೇ, ಮೇಲೆ ನೋಡಿ, ನನ್ನ ಮುಖ ನೋಡಿ" ಅಂದರು. ನಿನ್ನ ಕಣ್ಣು ಕೆಳಗಿಳಿಯಿತು. ಮೂರು ಸಲ ಕೂಗಿದರು, ಮೂರು ಸಲವೂ ಇಳಿಯಿತು. ಅವರು ತಲೆಯಾಡಿಸಿ ಚೀಟಿಯಲ್ಲಿ 'ಸ್ಪಂದನೆ ಇಲ್ಲ' ಎಂದು ಬರೆದುಕೊಂಡರು. ಅದು ಸ್ಪಂದನೆಯೇ ಅಲ್ಲವೇ ಅಪ್ಪ? ಹಲ್ಲು ಬಿಟ್ಟುಕೊಂಡು ಮೈಮೇಲೆ ಬಂದವರೆದುರು ನೀನು ಕಣ್ಣು ಕೆಳಗೆ ಹಾಕಿದೆ. ಮುಖದಲ್ಲಿ ಬೇರೆ ಯಾವ ಸ್ನಾಯುವೂ ಮಾತು ಕೇಳದಿರುವಾಗ ಕಣ್ಣೊಂದೇ ನಿನ್ನ ಕೆಲಸ ಮಾಡುತ್ತಿದೆ.

ಡಾಕ್ಟರಿಗೆ ಎಲ್ಲ ಹೇಳಿದೆ. "ಮನೆಯವರಿಗೆ ಹಾಗೆ ಅನ್ಸೋದು ಸಹಜ ಕಣಮ್ಮ. ನಾನು ಹೇಳಿದಾಗ ಒಂದ್ಸಲ ಮೇಲೆ ನೋಡ್ಲಿ, ನಿಮ್ಮಮ್ಮ ಸಹಿ ಹಾಕಿರೋ ಆ ಕಾಗದ ನಾನೇ ಹರಿದು ಹಾಕ್ತೀನಿ" ಅಂದರು. ನಾನೇ ಮೋಸ ಹೋಗುತ್ತಿರಬಹುದು. ಕೋತಿ ಹೆದರಿ ಹಲ್ಲು ಬಿಟ್ಟರೆ ನಕ್ಕಿತು ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರಲ್ಲ, ನನಗೂ ಬೇಕಾದದ್ದೇ ಕಾಣುತ್ತಿರಬಹುದು. ಆದರೆ ನೀನು ಒಳಗೆ ಎಚ್ಚರವಾಗಿ ಮಲಗಿದ್ದು, ನಾವು ಹೊರಗೆ ನಿಂತು ಕೊಳವೆ ತೆಗೆಸಿಬಿಟ್ಟರೆ?

ಅಪ್ಪ, ನಿನ್ನ ದಮ್ಮಯ್ಯ. ಹನ್ನೊಂದಕ್ಕೆ ಆ ಮನುಷ್ಯ ಹಲ್ಲು ಬಿಟ್ಟುಕೊಂಡು ಬಗ್ಗಿದಾಗ ಕಣ್ಣು ಇಳಿಸಬೇಡ. ಅವರು ಕಚ್ಚುವುದಿಲ್ಲ. ಕಣ್ಣೆತ್ತಿ, ಅವರ ಕಣ್ಣಲ್ಲಿ ಕಣ್ಣಿಟ್ಟು, ಜಗಳಕ್ಕೆ ನಿಂತವನ ಹಾಗೆ ದಿಟ್ಟಿಸಿ ನೋಡು. ಇಷ್ಟು ವರ್ಷ ಎಲ್ಲರಿಗೂ ಕೊಟ್ಟ ಮರ್ಯಾದೆ ಸಾಕು. ನಾಳೆ ಒಂದೇ ಒಂದು ಸಲ ಮರ್ಯಾದೆ ಬಿಡು.

ನಿನ್ನ ನೋಟಕ್ಕೆ ಆ ಒಂದು ಗೇಣು ಮೇಲೇರುವ ಬಲ ಸಿಗಲಿ ಎಂದು ಬೇಡುತ್ತಾ,

ನಿನ್ನ ಬಾಯಿ ಮುಚ್ಚಿಸಿದ ಮಗಳು